ಆನೆಕಿವಿಯ ಐದನೇ ಪದಕ

ಮಹಡಿ ಮನೆ,
ಹನ್ನೊಂದನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಇವರಿಗೆ,

ರೀ, ಹೇಗಿದ್ದೀರಿ? ಕೆಮ್ಮು ನಿಂತಿತೇ? ಹೋದ ಸಲ ಫೋನಿನಲ್ಲಿ ‘ಆರಾಮ’ ಎಂದಿರಿ. ಆದರೆ ‘ಆ’ ಎಂದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿ, ಆಮೇಲೆ ‘ರಾಮ’ ಎಂದದ್ದು ನನಗೆ ಕೇಳಿಸಿತು. ಹಡಗಿನ ಎಂಜಿನ್ ಕೋಣೆಯ ಬಿಸಿಯಲ್ಲಿ ಬೆವರಿ, ಅದೇ ಮೈಯಲ್ಲಿ ಮೇಲೆ ಹೋಗಿ ಗಾಳಿಗೆ ನಿಲ್ಲಬೇಡಿ ಎಂದು ಎಷ್ಟು ಸಲ ಹೇಳಿದ್ದೇನೆ. ಹಸಿರು ಸ್ವೆಟರನ್ನು ಪೆಟ್ಟಿಗೆಯ ಎಡ ಮೂಲೆಯಲ್ಲಿ ಇಟ್ಟಿದ್ದೇನೆ, ತೆಗೆದು ನೋಡಿದ್ದೀರೋ ಇಲ್ಲವೋ. ಮಂಡಿಗೆ ಕಟ್ಟುವ ಪಟ್ಟಿ ಅದರ ತೋಳಿನೊಳಗೆ ಇದೆ. ಅಲ್ಲಿ ಯಾಕೆ ಇಟ್ಟೆ ಎಂದು ಬೈಯಬೇಡಿ, ಸ್ವೆಟರ್ ಹಾಕಿಕೊಂಡರೆ ತಾನೇ ಪಟ್ಟಿ ಸಿಗುವುದು, ಅದಕ್ಕೇ ಇಟ್ಟೆ.

ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದು ಬರೆದ ಕೂಡಲೇ ಯಾಕೋ ಭಯವಾಗುತ್ತದೆ, ಸುಮಾರಾಗಿದ್ದೇನೆ ಎಂದೇ ಓದಿಕೊಳ್ಳಿ. ಸ್ನಾನದ ಮನೆಯ ನಲ್ಲಿ ಮತ್ತೆ ಸೋರುತ್ತಿದೆ. ರಾತ್ರಿಯಲ್ಲಿ ಅದರ ಸದ್ದು ಯಾರೋ ನಾಲಿಗೆಯಲ್ಲಿ ಲೊಚಗುಟ್ಟಿದ ಹಾಗೆ ಕೇಳಿಸುತ್ತದೆ. ಒಂದು ಬಟ್ಟೆ ಕಟ್ಟಿದ್ದೆ. ಆಮೇಲೆ ಸದ್ದೇ ಇಲ್ಲದೆ ಇನ್ನೂ ಬೇಜಾರಾಗಿ ಬಿಚ್ಚಿಬಿಟ್ಟೆ. ಗ್ಯಾಸಿನ ಗುಂಡಿ, ಕಿಟಕಿಯ ಚಿಲಕ, ನಿಮ್ಮ ಬೀರುವಿನ ಕೀಲಿ, ಬಾಗಿಲ ಬೀಗ, ಎಲ್ಲವನ್ನೂ ನೋಡಿಯೇ ಹೊರಡುತ್ತೇನೆ. ಮೆಟ್ಟಿಲು ಇಳಿದ ಮೇಲೆ ನೋಡಿದೆನೋ ಇಲ್ಲವೋ ಎಂದು ಮತ್ತೆ ಹತ್ತುತ್ತೇನೆ. ಕೆಳಗಿನ ಅಂಗಡಿಯ ಬೀಗದವರು ಮೊನ್ನೆ ಕೀಲಿ ಉಜ್ಜುವುದನ್ನು ನಿಲ್ಲಿಸಿ, “ಏನಮ್ಮಾ, ನಾನು ಹಾಕಿಕೊಟ್ಟ ಬೀಗ ಅದು. ದಿನಾ ಹೀಗೆ ಎಳೆದೂ ಎಳೆದೂ ನನ್ನ ಮರ್ಯಾದೆ ತೆಗೀತೀಯಲ್ಲ!” ಎಂದರು. ಅವರ ಹೆಂಡತಿ ಒಳಗಿನಿಂದ ನಕ್ಕಳು. ನಾನೂ ನಕ್ಕೆ, ನಕ್ಕು ಮತ್ತೆ ಹತ್ತಿ ಹೋಗಿ ಎಳೆದು ನೋಡಿ ಬಂದೆ.

ನಿಮ್ಮ ಕಾಗದ ಹೋದ ವಾರ ಬಂತು. ಕಂಪನಿಯ ಆಫೀಸಿನವರು ಹೊಲಿಗೆ ಅಂಗಡಿಗೇ ಕಳಿಸಿದ್ದರು. ಯಾರದೋ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಾ ಕೂತಿದ್ದವಳು ಕತ್ತರಿ ಕೆಳಗಿಟ್ಟು ಓದಿದೆ. ‘ಅಂಚಿನಲ್ಲಿ ಪಡೆದವನ ಹೆಸರು ಕೊರೆದಿಲ್ಲದ ಮೆಡಲ್ಲು ಯಾರದ್ದು ಬೇಕಾದರೂ ಆಗಬಹುದು. ಆ ಮುದುಕಿಯನ್ನು ಬಿಟ್ಟುಬಿಡು, ಇನ್ನು ಅಲ್ಲಿಗೆ ಹೋಗಬೇಡ. ಹೇಗೂ ಸೆಟ್ಟು ಪೂರ್ತಿಯಾಗಲಿಲ್ಲವಲ್ಲ, ಹಡಗಿನ ಇನ್ನೊಂದು ಸುತ್ತಿನ ಕರಾರಿಗೆ ಸಹಿ ಹಾಕೋಣ ಅಂತಿದ್ದೇನೆ’ ಎಂದು ಬರೆದಿದ್ದೀರಿ. ಅಷ್ಟೇ. ಹಡಗಿನಲ್ಲಿ ಅಡುಗೆಯವನು ಬದಲಾದದ್ದನ್ನು ಇದಕ್ಕಿಂತ ಉದ್ದ ಬರೆದಿದ್ದೀರಿ. ನಾನು ಕಾಗದ ಮಡಿಸಿ ಮತ್ತೆ ಕತ್ತರಿ ಹಿಡಿದೆ. ಸ್ವಲ್ಪ ಹೊತ್ತಾದ ಮೇಲೆ ಟೇಲರ್ ಪ್ಯಾಂಟನ್ನು ಎತ್ತಿ ಹಿಡಿದು, “ಗಿರಾಕಿಗೆ ಒಂದು ಕಾಲು ಗಿಡ್ಡ ಅಂತ ನನಗೆ ಗೊತ್ತೇ ಇರಲಿಲ್ಲವಲ್ಲಮ್ಮಾ!” ಎಂದರು. ಎಡಗಾಲನ್ನು ನಾಲ್ಕು ಬೆರಳು ಜಾಸ್ತಿ ಕತ್ತರಿಸಿಬಿಟ್ಟಿದ್ದೆ. ಬೈಯಲಿಲ್ಲ. ಮುಖ ನೋಡಿ ಪ್ಯಾಂಟನ್ನು ತಾವೇ ಎತ್ತಿಟ್ಟುಕೊಂಡರು, ಅದೇ ನನಗೆ ಜಾಸ್ತಿ ಕಷ್ಟವಾಯಿತು.

ರೀ, ಫೋನಿನಲ್ಲಿ ಇದನ್ನೆಲ್ಲ ಹೇಳಲು ಹೋದರೆ ನೀವು ‘ಸರಿ, ಸರಿ’ ಎನ್ನುತ್ತೀರಿ, ಆಮೇಲೆ ಲೈನು ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮ ಹಾಸಿಗೆ ಹಿಡಿದಾಗ ಶಾಲೆ ಬಿಟ್ಟವಳು, ಮತ್ತೆ ಒಂದು ವರ್ಷ ಹೋಗಿ ಮತ್ತೆ ಬಿಟ್ಟವಳು ನಾನು. ಅಕ್ಷರ ಅಡ್ಡಾದಿಡ್ಡಿ ಇದ್ದರೆ ಹೊಟ್ಟೆಗೆ ಹಾಕಿಕೊಂಡು ಓದಿ, ಅರ್ಧಕ್ಕೆ ಜೇಬಿಗಿಡಬೇಡಿ.

ಹೋದ ಸಲ ರಜೆ ಮುಗಿಸಿ ಹೊರಡುವ ಬೆಳಿಗ್ಗೆ ನೀವು ಬೀರುವಿನ ಮುಂದೆ ನಿಂತು ಒಂದು ಮಾತು ಹೇಳಿದಿರಿ. ನನಗೆ ಆ ಬೀರು ಎಂದರೆ ಮೊದಲಿನಿಂದಲೂ ಒಂದು ಥರ. ಆ ಚರ್ಮದ ಟೋಪಿಗಳು, ಗಾಜು ಸೀಳಿದ ಕನ್ನಡಕ, ಹಿತ್ತಾಳೆಯ ರೆಕ್ಕೆ ಬಿಲ್ಲೆಗಳು, ಬಣ್ಣ ಹೋದ ಫೋಟೋಗಳು. ಕಟ್ಟಿಗೆ, ತಂತಿ, ಬಟ್ಟೆ ಸೇರಿಸಿ ವಿಮಾನ ಕಟ್ಟುತ್ತಿದ್ದ ಕಾಲದಲ್ಲಿ, ಯಾವ ದೇಶದಲ್ಲೋ ಹುಟ್ಟಿ ಇನ್ಯಾವ ದೇಶದ್ದೋ ಯುದ್ಧಕ್ಕೆ ತಾವಾಗಿಯೇ ಹೆಸರು ಕೊಟ್ಟು ಹಾರಲು ಬಂದವರು ಇವರೆಲ್ಲ ಎಂದು ಮದುವೆಯಾದ ಹೊಸದರಲ್ಲಿ ನೀವು ಹೇಳಿದ್ದಿರಿ. ಕರೆಯದೆ ಯಾಕೆ ಹೋದರು ಎಂದು ಕೇಳಿದ್ದಕ್ಕೆ, “ಅದೇ ಕಣೇ ಅದರ ಮಜಾ” ಎಂದಿರಿ. ನನಗೆ ಮಜಾ ಗೊತ್ತಾಗಲಿಲ್ಲ. ಚೌಕಟ್ಟಿನಲ್ಲಿರುವ ಆ ರೆಕ್ಕೆಯ ಬಟ್ಟೆಯ ತುಂಡು ನೋಡಿದಾಗಲೆಲ್ಲ, ಇಷ್ಟು ದೂರ ದೂರ ಹೊಲಿಗೆ ಹಾಕಿ ಇವನನ್ನು ಮೇಲೆ ಕಳಿಸಿದ್ದಾರಲ್ಲ, ಮನೆಯವರು ಯಾರಾದರೂ ಒಮ್ಮೆ ಎಳೆದು ನೋಡಬಾರದಿತ್ತೇ ಎಂದೇ ಅನಿಸುತ್ತದೆ. ಈಗ ನೀವಿಲ್ಲದಾಗ ಸಂಜೆ ದೀಪ ಹಾಕಿದರೆ ಬೀರುವಿನ ಗಾಜಿನಲ್ಲಿ ನನ್ನ ಮುಖ ಬಂದು ಆ ಟೋಪಿಯ ಕೆಳಗೆ ಕೂರುತ್ತದೆ. ಮಾತಾಡಿಸಿದರೆ ಅದೊಂದೇ ಮುಖ ತಿರುಗಿ ಮಾತಾಡುವುದು.

ಆ ಬೆಳಿಗ್ಗೆ ನೀವು ಆನೆಕಿವಿ ಎದೆಗೆ ಚುಚ್ಚಿಕೊಳ್ಳುತ್ತಿದ್ದ ಪದಕಗಳ ಪಟ್ಟಿಯನ್ನು ತೋರಿಸಿದಿರಿ. ಎಲ್ಲರಿಗಿಂತ ನಿಮಗೆ ಅವನ ಮೇಲೆಯೇ ಪ್ರೀತಿ, ನಮ್ಮೂರ ಮೈದಾನದಿಂದ ಹಾರಿದವನು ಎಂದು. ಟೋಪಿ ಎಷ್ಟು ಎಳೆದರೂ ಮುಚ್ಚದ ಕಿವಿ ನೋಡಿ ನಾವಿಬ್ಬರೂ ಸೇರಿ ಇಟ್ಟ ಹೆಸರಲ್ಲವೇ ಅದು. ಪಟ್ಟಿಯಲ್ಲಿ ನಾಲ್ಕು ಪದಕ, ಐದನೆಯ ಜಾಗದಲ್ಲಿ ಹರಿದ ರಿಬ್ಬನ್ನಿನ ತುಂಡು ಮಾತ್ರ. ಇಲ್ಲಿನ ಸರ್ಕಾರ ಕೊಟ್ಟ ಪದಕವೇ ಅದರಲ್ಲಿಲ್ಲ. ಹಳೇ ಸಾಮಾನಿನ ಅಂಗಡಿಯವರು ಮೈದಾನದ ಹಿಂದಿನ ರಸ್ತೆಯಲ್ಲಿ ಒಬ್ಬ ಮುದುಕಿಯ ಹತ್ತಿರ ಅಂಥದ್ದೊಂದು ಇದೆ ಎಂದರೆಂದು ನೀವು ಹೋದಿರಿ, ಗೇಟೇ ತೆಗೆಯಲಿಲ್ಲ ಎಂದು ಸಿಟ್ಟಿನಿಂದ ವಾಪಸು ಬಂದಿರಿ. “ಹೆಂಗಸಿನ ಹತ್ರ ಹೆಂಗಸು ಮಾತಾಡ್ತಾಳೆ, ನೀನು ಹೋಗು. ಇದು ಸಿಕ್ಕಿದ ದಿನ ಹಡಗಿಗೊಂದು ದೊಡ್ಡ ನಮಸ್ಕಾರ ಹಾಕಿ ಮನೆಗೆ ಬಂದುಬಿಡ್ತೀನಿ” ಎಂದಿರಿ. ನೀವು ತಮಾಷೆಗೆ ಹೇಳಿದಿರೋ ಏನೋ. ನಾನು ಅದನ್ನು ಎತ್ತಿ ಇಟ್ಟುಕೊಂಡೆ.

ಮೊದಲು ಒಂದು ವಿಷಯ ಹೇಳುತ್ತೇನೆ. ಆ ಅಜ್ಜಿ ನಿಮಗೆ ಬಾಗಿಲು ಹಾಕಿದ್ದಲ್ಲ. ಆ ಗೇಟು ಜೋತುಬಿದ್ದಿದೆ. ತಳ್ಳಿದರೆ ತೆರೆಯುವುದಿಲ್ಲ, ಸ್ವಲ್ಪ ಎತ್ತಿ ತಳ್ಳಬೇಕು. ನಾನೂ ಮೊದಲ ದಿನ ತಳ್ಳೀ ತಳ್ಳೀ ವಾಪಸು ಹೊರಟವಳೇ. ಅಷ್ಟರಲ್ಲಿ ಅವರೇ ಜಗಲಿಗೆ ಬಂದು, “ಎತ್ತಮ್ಮಾ, ಎತ್ತು! ಊರಿಗೆಲ್ಲ ಹೇಳೀ ಹೇಳೀ ನನ್ನ ಗಂಟಲು ಹೋಯ್ತು” ಎಂದು ಕೂಗಿದರು. ನಿಮಗೂ ಕೂಗಿದ್ದರಂತೆ. ಗೋದಾಮಿನ ಲಾರಿಗಳ ಸದ್ದಿನಲ್ಲಿ ನಿಮಗೆ ಕೇಳಿಸಿಲ್ಲ. ಆ ಮೈದಾನದ ತುಂಬ ಈಗ ಗೋದಾಮುಗಳೇ ತಾನೇ.

ಹೋದ ಸಲದ ಕಾಗದದಲ್ಲಿ ನೀವು ಕೇಳಿದ್ದಕ್ಕೆ ಮಾತ್ರ ಉತ್ತರ ಬರೆದಿದ್ದೆ, ಅಂಚಿನಲ್ಲಿ ಹೆಸರಿಲ್ಲ, ಸವೆದುಹೋಗಿದೆ ಎಂದು. ಅಜ್ಜಿಯ ವಿಷಯ ಬರೆಯಲಿಲ್ಲ. ಮೊದಲ ದಿನ ಅವರ ಸ್ವೆಟರಿನ ಜಿಪ್ಪು ಕಿತ್ತುಹೋಗಿ ಪಿನ್ನು ಚುಚ್ಚಿಕೊಂಡಿದ್ದರು. ಪದಕದ ಮಾತು ಹೇಗೆ ತೆಗೆಯುವುದೆಂದು ತಿಳಿಯದೆ, ಜಿಪ್ಪು ಹಾಕಿಕೊಡಲೇ ಎಂದೆ. ಅಂದಿನಿಂದ ನಾನು ಅವರಿಗೆ ಜಿಪ್ಪಮ್ಮ. ಅಂಗಡಿಗೆ ರಜೆ ಇದ್ದ ದಿನವೆಲ್ಲ ಹೋಗುತ್ತೇನೆ. ಅವರಿಗೆ ಯಾರೂ ಇಲ್ಲ. ಮಾತು ಮಾತ್ರ ಮನೆ ತುಂಬ ಇದೆ. “ನಿನ್ನ ಗಂಡ ಸಮುದ್ರದಲ್ಲಿ, ನನ್ನ ಗಂಡ ಫೋಟೋದಲ್ಲಿ. ನನ್ನವನಾದ್ರೆ ಎಲ್ಲಿದ್ದಾನೆ ಅಂತ ಗೊತ್ತು” ಎಂದು ಒಂದು ದಿನ ಹೇಳಿದರು. ಕೋಪ ಬರಬೇಕಿತ್ತು, ಬರಲಿಲ್ಲ.

ಪದಕವನ್ನು ಅವರು ಬಚ್ಚಿಟ್ಟೇ ಇಲ್ಲ ರೀ. ಅಡುಗೆಮನೆಯ ಕಿಟಕಿಯ ಮೊಳೆಗೆ ನೇತುಹಾಕಿದ್ದಾರೆ. ಕನ್ನಡಿಯ ಹಾಗೆ ಹೊಳೆಯುತ್ತದೆ. ಅದರ ಮೇಲೆ ಒಂದು ಮುಖ ಇತ್ತಂತೆ, ಈಗ ಮೂಗಿನ ಜಾಗದಲ್ಲಿ ಒಂದು ಉಬ್ಬು ಮಾತ್ರ ಬೆರಳಿಗೆ ಸಿಗುತ್ತದೆ. ಅಂಚು ಉಂಗುರದ ಹಾಗೆ ನುಣ್ಣಗಾಗಿದೆ. ವಾರಕ್ಕೊಮ್ಮೆ ಹಲ್ಲುಪುಡಿ ಹಾಕಿ ಉಜ್ಜುತ್ತಾರೆ. ಮೊದಲು ಇವರ ಅಜ್ಜಿ, ಆಮೇಲೆ ಇವರ ಅಮ್ಮ, ಈಗ ಇವರು. ನೀವು ಹೇಳಿದ್ದು ನೆನಪಾಯಿತು. “ಬೆಳ್ಳಿ ಮೇಲಿನ ಕಪ್ಪು ಅಂದ್ರೆ ಅದರ ವಯಸ್ಸು ಕಣೇ, ಉಜ್ಜಿದ್ರೆ ಎಲ್ಲಾ ಹೋಯ್ತು” ಎಂದು ನೀವು ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡ ದಿನ ನಾನು ಮರೆತಿಲ್ಲ. ಯಾಕೆ ಅಜ್ಜಿ ಹೀಗೆ ಉಜ್ಜುತ್ತೀರಿ ಎಂದು ಕೇಳಿದೆ. “ಮತ್ತೆ? ಅವನು ಬಂದು ಕೇಳಿದ್ರೆ ಕಪ್ಪಾಗಿರೋದನ್ನ ಕೊಡೋದಾ?” ಎಂದರು.

ವಿಷಯ ಇಷ್ಟು. ಆನೆಕಿವಿ ಆ ಮನೆಯ ಮೇಲಿನ ರೂಮಿನಲ್ಲಿ ಬಾಡಿಗೆಗೆ ಇದ್ದ. ಅಜ್ಜಿಯ ಅಮ್ಮ ಆಗ ಪುಟ್ಟ ಹುಡುಗಿ. ಒಂದು ಬೆಳಿಗ್ಗೆ ದೊಡ್ಡವರು ಯಾರೋ ನೋಡಲು ಬರುತ್ತಾರೆಂದು ಅವನು ಪದಕಗಳನ್ನೆಲ್ಲ ಚುಚ್ಚಿಕೊಂಡು ಇಳಿದು ಬಂದನಂತೆ. ಕೊನೆಯದರ ರಿಬ್ಬನ್ನು ಹರಿದು ಅರ್ಧಕ್ಕೆ ಜೋತಾಡುತ್ತಿತ್ತು. ಮನೆಯ ಯಜಮಾನಿ, ಅಂದರೆ ಇವರ ಅಜ್ಜಿ, ನೋಡಿ, ಕೊಡಪ್ಪಾ ಸಂಜೆಯೊಳಗೆ ಹೊಲಿದಿಡುತ್ತೇನೆ, ಎಲ್ಲಾದರೂ ಬಿದ್ದುಹೋದೀತು ಎಂದರಂತೆ. ಅವನು ನಕ್ಕು ಅದನ್ನು ಪಟಕ್ಕನೆ ಕಿತ್ತು ಅವರ ಕೈಯಲ್ಲಿಟ್ಟು, ಸಂಜೆ ಬಂದು ತೆಗೆದುಕೊಳ್ಳುತ್ತೇನೆ ಎಂದು ಹೋದ. ಸಂಜೆ ಬರಲಿಲ್ಲ. ಆಮೇಲೂ ಬರಲಿಲ್ಲ. ಬೇರೆ ಕಡೆ ಕಳಿಸಿದರು ಎಂದರು ಕೆಲವರು, ಬಿದ್ದ ಎಂದರು ಕೆಲವರು. ಯಜಮಾನಿ ಹೊಲಿಯಲು ದಾರ ಪೋಣಿಸಿ ಇಟ್ಟಿದ್ದರಂತೆ. ಯಾವುದಕ್ಕೆ ಸೇರಿಸಿ ಹೊಲಿಯುವುದು? ಉಳಿದರ್ಧ ರಿಬ್ಬನ್ನು ಅವನ ಎದೆಯ ಮೇಲೆ ಹೋಗಿತ್ತಲ್ಲ.

ನಿಮ್ಮ ಕಾಗದ ಬಂದ ಮೇಲೆ ನಾನು ಹೋಗಿ, ಇದು ಅವನದೇ ಎಂದು ನಮ್ಮವರು ನಂಬುತ್ತಿಲ್ಲ ಅಜ್ಜಿ ಎಂದೆ. ಅಳು ಬಂದಿರಬೇಕು. ಅಜ್ಜಿ ಒಳಗೆ ಹೋಗಿ ಒಂದು ಪಿನ್ನಿನ ಡಬ್ಬಿ ತಂದರು. ಅದರಲ್ಲಿ ರಿಬ್ಬನ್ನಿನ ತುಂಡು. ಉಜ್ಜುವಾಗ ಒದ್ದೆಯಾಗುತ್ತದೆಂದು ಬಿಚ್ಚಿ ಇಟ್ಟದ್ದು. ನೀಲಿ, ಬಿಳಿ, ಮತ್ತೆ ಅರಿಶಿನ ಬಣ್ಣದ ಗೆರೆ. ಓರೆಯಾಗಿ ಹರಿದಿದೆ. ನಿಮ್ಮ ಪಟ್ಟಿಯಲ್ಲಿ ಉಳಿದ ತುಂಡಿನ ಬಣ್ಣಗಳೇ. ಕೊಟ್ಟುಬಿಡಿ ಅಜ್ಜಿ, ಮನೆಗೆ ಹೋಗಿ ಜೋಡಿಸಿ ನೋಡುತ್ತೇನೆ ಎಂದೆ. “ಇದು ಈ ಮನೆ ಬಿಟ್ಟು ಹೋಗಲ್ಲ. ಸಂಜೆ ಬಂದು ತಗೊಂಡು ಹೋಗ್ತೀನಿ ಅಂದವನು ಇಲ್ಲಿಗೇ ಬರಬೇಕು. ಅವನ ಉಳಿದದ್ದನ್ನ ನೀನೇ ಇಲ್ಲಿಗೆ ತಾ” ಎಂದರು.

ತೆಗೆದುಕೊಂಡು ಹೋದೆ ರೀ. ನಿಮ್ಮ ಬೀರು ತೆಗೆದೆ. ಬಿಳಿ ಗ್ಲೌಸು ಹಾಕಿಕೊಂಡೇ ಮುಟ್ಟಿದೆ, ಅಷ್ಟು ನಂಬಿ. ಪಟ್ಟಿಯನ್ನು ಹತ್ತಿಯಲ್ಲಿ ಸುತ್ತಿ ನಿಮ್ಮ ದೊಡ್ಡ ಊಟದ ಡಬ್ಬಿಯಲ್ಲಿಟ್ಟೆ. ಯಾಕೋ ಆ ಫೋಟೋವನ್ನೂ ಇಟ್ಟೆ, ಆನೆಕಿವಿ ಮುದುಕನಾಗಿ ತೋಟದಲ್ಲಿ ನಾಯಿಯ ಜೊತೆ ಕೂತದ್ದು, ಪಟ್ಟಿಯ ಜೊತೆಗೇ ಆ ದೂರದ ಬಂದರಿನ ಸಂತೆಯಲ್ಲಿ ನಿಮಗೆ ಸಿಕ್ಕಿದ್ದು. ಬಸ್ಸಿನಲ್ಲಿ ಡಬ್ಬಿಯನ್ನು ಹಸುಗೂಸಿನಂತೆ ತಬ್ಬಿಕೊಂಡಿದ್ದೆ. ಪಕ್ಕದ ಹೆಂಗಸು, “ಗಂಡನಿಗೆ ಊಟಾನಾ? ಆಸ್ಪತ್ರೆಗಾ?” ಎಂದು ಕೇಳಿದಳು. ಹೌದು ಎಂದುಬಿಟ್ಟೆ. ಪಾಪ, ಇಳಿಯುವಾಗ ಬೇಗ ಗುಣವಾಗಲಿ ಎಂದಳು. ನಿಮಗೆ ಏನಾದರೂ ಆಗಿಬಿಟ್ಟೀತೆಂದು ಇಡೀ ದಾರಿ ನನ್ನ ಬಾಯಿಯನ್ನು ನಾನೇ ಬೈದುಕೊಂಡೆ. ಅದಕ್ಕೇ ಮೊದಲ ಸಾಲಿನಲ್ಲೇ ಕೆಮ್ಮಿನ ವಿಷಯ ಕೇಳಿದ್ದು.

ಅಡುಗೆಮನೆಯ ಮೇಜಿನ ಮೇಲೆ ಎರಡೂ ತುಂಡು ಇಟ್ಟೆವು. ನಾನು ದಿನಾ ಹರಿದ ಬಟ್ಟೆ ಜೋಡಿಸುವವಳು, ಆದರೂ ಎರಡು ಸಲ ಸರಿಪಡಿಸಿ ಇಟ್ಟೆ. ಗೆರೆಗೆ ಗೆರೆ ಕೂತಿತು. ಓರೆಗೆ ಓರೆ ಕೂತಿತು. ಅಜ್ಜಿಯ ಕಡೆಯ ತುಂಡಿನಲ್ಲಿ ಬಣ್ಣ ಇನ್ನೂ ಗಾಢ, ನಮ್ಮದು ಬಿಸಿಲಿಗೆ ಬಿಳಿಚಿದೆ, ಅಷ್ಟೇ ವ್ಯತ್ಯಾಸ. ಹೆಸರು ಯಾಕೆ ಬೇಕು ರೀ ಇನ್ನು? ನೀವು ಇದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ನೋಡಬೇಕೆನಿಸಿತು. ಪಕ್ಕದ ಕುರ್ಚಿಯ ಕಡೆ ತಿರುಗಿಯೇಬಿಟ್ಟೆ, ಅದರ ಮೇಲೆ ಅಜ್ಜಿಯ ತರಕಾರಿ ಚೀಲ ಇತ್ತು.

ಆಮೇಲೆ ಅಜ್ಜಿ ಕೇಳಿದರು, “ಇದು ನಿಮ್ಮವರಿಗೆ ಹೇಗೆ ಸಿಕ್ತು? ಬಿದ್ದ ಜಾಗದಲ್ಲಾ?” ನಾನು ಏನು ಹೇಳಲಿ? ನಮಗೆ ಗೊತ್ತಿರುವುದು ಅವರಿಗೆ ಗೊತ್ತಿರಲಿಲ್ಲ. ಮೂರು ತಲೆಮಾರು ಒಂದು ತುಣುಕನ್ನು ಉಜ್ಜಿ ಉಜ್ಜಿ ಕಾದವರ ಮುಂದೆ, ಅವನು ಸಾಯಲಿಲ್ಲ, ತನ್ನೂರಿಗೆ ಹೋಗಿ ಮದುವೆಯಾಗಿ ತೋಟ ಮಾಡಿಕೊಂಡು ಮುದುಕನಾದ, ಮೊಮ್ಮಕ್ಕಳು ಮನೆ ಖಾಲಿ ಮಾಡುವಾಗ ಇದನ್ನು ಮಾರಿದರು ಎಂದು ಹೇಗೆ ಹೇಳುವುದು? ಬರಲಾಗದೆ ಹೋದವನಲ್ಲ, ಬರಲಿಲ್ಲ, ಅಷ್ಟೇ. ಸುಳ್ಳು ಹೇಳೋಣವೆಂದುಕೊಂಡೆ. ಡಬ್ಬಿಯಲ್ಲಿ ಫೋಟೋ ಕಾಣಿಸಿತು, ಅಜ್ಜಿಯ ಕೈ ಆಗಲೇ ಅದರ ಮೇಲಿತ್ತು.

ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ, “ನಮ್ಮಮ್ಮ ಹೇಳ್ತಿದ್ದದ್ದು ಸುಳ್ಳಲ್ಲ. ಕಿವಿ ನೋಡು!” ಎಂದು ನಕ್ಕುಬಿಟ್ಟರು. ನಗು ನಿಂತ ಮೇಲೆ, “ಬದುಕಿದ್ನಾ ಹಾಗಾದ್ರೆ. ಒಳ್ಳೇದಾಯ್ತು ಬಿಡು. ಅಮ್ಮ ಸಾಯೋವರೆಗೂ ಮೋಡ ಕವಿದ್ರೆ ಒಳಗೂ ಹೊರಗೂ ಓಡಾಡ್ತಿದ್ಳು” ಎಂದರು. ನಿಮಗೆ ಕೋಪ ಬರಲಿಲ್ಲವೇ ಅಜ್ಜಿ ಎಂದೆ. “ಕೋಪ ಮಾಡ್ಕೊಳ್ಳೋಕೆ ಎದುರಿಗೆ ಒಂದು ಮುಖ ಬೇಕಲ್ಲ ಜಿಪ್ಪಮ್ಮಾ. ನೀನು ಯಾರ ಮೇಲೆ ಮಾಡ್ಕೊಳ್ತೀಯ, ಬೀರುವಿನ ಮೇಲಾ?” ಎಂದರು. ನಾನು ಚಹಾ ಮಾಡುತ್ತೇನೆಂದು ಎದ್ದೆ. ಹಾಲು ಉಕ್ಕಿತು. ಒಲೆ ಒರೆಸುತ್ತಾ ನಿಂತದ್ದೇ ತಡವಾಯಿತು.

ತಿರುಗಿ ನೋಡುತ್ತೇನೆ, ಅಜ್ಜಿಯ ಕೈಯಲ್ಲಿ ಹಲ್ಲುಪುಡಿ. ಪಟ್ಟಿಯ ಮೊದಲ ಪದಕವನ್ನು ಅಂಗೈಯಲ್ಲಿ ಇಟ್ಟುಕೊಂಡು ಚಿಂದಿಯಿಂದ ಗಸಗಸ ಉಜ್ಜುತ್ತಿದ್ದಾರೆ. ನನ್ನ ಕೈಯಿಂದ ಲೋಟ ಬಿತ್ತು. ಅಯ್ಯೋ ಅಜ್ಜಿ, ಏನು ಮಾಡಿಬಿಟ್ಟಿರಿ ಎಂದು ಕಿರುಚಿದೆ. ಅವರು ತಲೆ ಎತ್ತಿ, “ಇವನ್ನ ಯಾರೂ ನೋಡ್ಕೊಂಡೇ ಇಲ್ವಲ್ಲೇ. ಹೇಗೆ ಕಪ್ಪಾಗಿವೆ ನೋಡು, ಅನಾಥ ಮಕ್ಕಳ ಥರ” ಎಂದರು. ಒಂದು ಪೂರ್ತಿ ಬೆಳ್ಳಗಾಗಿತ್ತು. ನೀವು ಮಗುವಿನ ಹಾಗೆ ಕಾಪಾಡಿದ ವಯಸ್ಸು ಚಿಂದಿಗೆ ಅಂಟಿಕೊಂಡು ಕೂತಿತ್ತು. ಅದನ್ನು ಹೇಗೆ ವಾಪಸು ಹಾಕಲಿ ರೀ? ಮನೆಗೆ ಬಂದು ಅನ್ನ ಇಳಿಯಲಿಲ್ಲ. ನೀವು ಹಡಗಿನಿಂದ ಇಳಿದು ಬಂದು ಬೀರುವಿನ ಮುಂದೆ ನಿಂತು, ನನ್ನ ಕಡೆ ತಿರುಗಿ, ಏನೂ ಮಾತಾಡದೆ ಮತ್ತೆ ಪೆಟ್ಟಿಗೆ ಎತ್ತಿಕೊಳ್ಳುವುದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಆಮೇಲೆ ಒಂದು ಯೋಚನೆ ಬಂತು. ಅದಕ್ಕಾದರೂ ನೀವು ಬಂದಿರಬೇಕಲ್ಲ ಎಂದು. ಹೀಗೆ ಯೋಚಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಹೊರಡುವಾಗ ಅಜ್ಜಿ ಇನ್ನೊಂದು ಮಾತು ಹೇಳಿದರು. ಆ ಮೇಲಿನ ರೂಮನ್ನು ಅವರು ಯಾರಿಗೂ ಬಾಡಿಗೆಗೆ ಕೊಟ್ಟಿಲ್ಲವಂತೆ. “ಅಕಸ್ಮಾತ್ ಬಂದ್ರೆ ಅಂತ ಅಮ್ಮ ಇಟ್ಟಿದ್ಳು, ನಾನೂ ಇಟ್ಟೆ. ಬರಲ್ಲ ಅಂತ ಈಗ ಗೊತ್ತಾಯ್ತಲ್ಲ. ನೀನೇ ಬಂದಿರು. ಅಲ್ಲಿ ನಲ್ಲಿ ಜೊತೆ ಮಾತಾಡೋದರ ಬದಲು ಇಲ್ಲಿ ನನ್ನ ಜೊತೆ ಜಗಳ ಆಡು” ಎಂದರು. ನಾನು ನಕ್ಕು, ಅಯ್ಯೋ ಅದು ಹೇಗಾಗುತ್ತದೆ ಅಜ್ಜಿ, ಇವರ ಬೀರು ಇದೆ, ಬೀಗ ಇದೆ, ಇವರು ಅಕಸ್ಮಾತ್ ಬಂದರೆ ನಾನು ಮನೆಯಲ್ಲಿ ಇರಬೇಡವೇ ಎಂದೆ. ಅವರು ಗೇಟನ್ನು ಎತ್ತಿ ಹಿಡಿದು ನನ್ನನ್ನು ನೋಡಿದರು. ನಾನು ಏನು ಹೇಳಿದೆನೆಂದು ನನಗೇ ಬಸ್ಸಿನಲ್ಲಿ ಕೂತ ಮೇಲೆ ಕೇಳಿಸಿತು.

ಇಷ್ಟೇ ಸಮಾಚಾರ. ಸಹಿ ಹಾಕುವ ಮುಂಚೆ ಒಂದು ಸಲ ಯೋಚಿಸಿ ಎನ್ನುವುದೊಂದೇ ನನ್ನ ಬೇಡಿಕೆ. ಹಾಕಿಯೇ ಬಿಟ್ಟಿದ್ದರೆ ಅದನ್ನಾದರೂ ತಿಳಿಸಿ. ಅಡುಗೆಯವನು ಹೊಸಬನಂತಲ್ಲ, ಎಣ್ಣೆ ಕಡಿಮೆ ಹಾಕಲು ಹೇಳಿ. ಒದ್ದೆ ಕಾಲುಚೀಲ ಹಾಕಿಕೊಂಡು ಮಲಗಬೇಡಿ. ನಿಮ್ಮ ಜೊತೆಯ ಎಂಜಿನಿನವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಆ ಎಲೆಕ್ಟ್ರಿಷಿಯನ್‌ಗೆ ಮಗಳು ಹುಟ್ಟಿದಳೆಂದು ಬರೆದಿದ್ದಿರಿ, ಇದರ ಜೊತೆ ಒಂದು ಪುಟ್ಟ ಅಂಗಿ ಇಟ್ಟಿದ್ದೇನೆ, ಕೈಗೇ ಕೊಡಿ. ಬೀಗದವರು, ಅವರ ಹೆಂಡತಿ, ಟೇಲರ್ ಎಲ್ಲರೂ ನಿಮ್ಮನ್ನು ಕೇಳಿದ್ದಾರೆ. ನೀವು ಎಲ್ಲಿದ್ದರೂ ಚೆನ್ನಾಗಿರಿ, ಮೈಮೇಲೆ ಎಚ್ಚರವಿರಲಿ.

ನಿಮ್ಮ,
ಇವಳು

ಮರೆತದ್ದು: ಕಾಗದ ಅಂಟಿಸಿ ಮತ್ತೆ ಬಿಚ್ಚಿದ್ದೇನೆ, ಅಂಚು ಹರಿದದ್ದು ಅದಕ್ಕೇ. ಮೇಲೆ ಬರೆದದ್ದು ಮಂಗಳವಾರ. ಇವತ್ತು ಶನಿವಾರ. ಉಳಿದ ಮೂರು ಪದಕವನ್ನು ನಾನೇ ಉಜ್ಜಿದೆ. ಅಜ್ಜಿಗೆ ಕೈ ನೋವು ಎಂದಲ್ಲ. ಒಂದು ಬೆಳ್ಳಗೆ, ಮೂರು ಕಪ್ಪಗೆ ಇರುವುದನ್ನು ನೋಡಲಾಗಲಿಲ್ಲ, ಮೊದಲು ಹೆದರುತ್ತಾ ಉಜ್ಜಿದೆ, ಆಮೇಲೆ ಹೆದರಲಿಲ್ಲ. ರಿಬ್ಬನ್ನನ್ನೂ ಹೊಲಿದೆ. ಅಜ್ಜಿಯ ಹಳೇ ಡಬ್ಬಿಯ ದಾರದಲ್ಲೇ, ಒತ್ತಾಗಿ, ಎಳೆದು ನೋಡಿದ್ದೇನೆ. ಸಂಜೆಯೊಳಗೆ ಮುಗಿಸಿದೆ. ಐದೂ ಈಗ ಅಜ್ಜಿಯ ಅಡುಗೆಮನೆಯ ಕಿಟಕಿಯಲ್ಲಿವೆ. ಸೆಟ್ಟು ಪೂರ್ತಿಯಾಗಿದೆ ರೀ. ಪೂರ್ತಿಯಾದ ದಿನ ಬರುತ್ತೇನೆಂದು ನೀವು ಹೇಳಿದ್ದಿರಿ. ಉಜ್ಜಿದ್ದು ಲೆಕ್ಕಕ್ಕಿಲ್ಲ ಎಂದು ಹೇಳಿರಲಿಲ್ಲ.

ನಾನು ಆ ಮೇಲಿನ ರೂಮಿಗೆ ಬಂದಿದ್ದೇನೆ, ಇದನ್ನು ಅಲ್ಲಿಂದಲೇ ಬರೆಯುತ್ತಿರುವುದು. ನಿಮ್ಮ ಬೀರುವಿಗೆ ಕೀಲಿ ಹಾಕಿದೆ, ಮನೆಯ ಕೀಲಿ ಬೀಗದವರ ಹತ್ತಿರ ಇದೆ. ಅವರು, “ಎಳೆದು ನೋಡಲ್ವಾ?” ಎಂದರು. ಇವತ್ತು ಒಂದೇ ಸಲ ಎಳೆದೆ. ರೂಮು ಚಿಕ್ಕದು, ಆದರೆ ಎರಡು ಮಂಚ ಹಿಡಿಯುತ್ತದೆ, ಟೇಪು ಹಿಡಿದು ನೋಡಿದ್ದೇನೆ. ಬಂದರೆ ಇಲ್ಲಿಗೇ ಬನ್ನಿ. ಗೇಟಿಗೆ ಚಿಲಕ ಹಾಕುವುದಿಲ್ಲ. ತಳ್ಳಿ ವಾಪಸು ಹೋಗಬೇಡಿ, ಸ್ವಲ್ಪ ಎತ್ತಿ ತಳ್ಳಬೇಕು.